ಉದುರಿದ ಗರಿ, ಕಿತ್ತ ಗರಿ

ಬೆಂಗಳೂರಿನ ದಕ್ಷಿಣಕ್ಕಿರುವ ಸುಬ್ರಹ್ಮಣ್ಯಪುರದ ಒಂದು ಮನೆಯ ಹಿತ್ತಿಲಿಗೆ ನವಿಲುಗಳು ಮೊದಲು ಬಂದುದು ಬೇಸಿಗೆಯ ಕೊನೆಯಲ್ಲಿ, ನೀರನ್ನು ಅರಸಿಕೊಂಡು. ಆ ಮನೆಯಲ್ಲಿ ವಾಸವಾಗಿರುವವರು ಮೂವತ್ತು ವರ್ಷ ಕಾಲೇಜಿನಲ್ಲಿ ಹಳಗನ್ನಡ ಕಾವ್ಯವನ್ನು ಪಾಠ ಹೇಳಿ ನಿವೃತ್ತರಾದ ಅಧ್ಯಾಪಕರೊಬ್ಬರು ಮತ್ತು ಅವರ ಪತ್ನಿ. ಒಗೆಯುವ ಕಲ್ಲಿನ ಪಕ್ಕದ ತೊಟ್ಟಿಯಲ್ಲಿ ಉಳಿದಿದ್ದ ನೀರಿಗೆ ಬಾಗಿ ಕುಡಿಯುತ್ತಿದ್ದ ಎರಡು ಹೆಣ್ಣು ನವಿಲುಗಳನ್ನೂ ಕಾಂಪೌಂಡ್ ಗೋಡೆಯ ಮೇಲೆ ನಿಂತಿದ್ದ ಒಂದು ಗಂಡನ್ನೂ ಅಡುಗೆಮನೆಯ ಕಿಟಕಿಯಿಂದ ಮೊದಲು ಕಂಡವರು ಪತ್ನಿ. ಕರೆದಾಗ ಬಂದ ಅಧ್ಯಾಪಕರು ಬಾಗಿಲು ತೆರೆದರು. ಸಪ್ಪಳಕ್ಕೆ ಮೂರೂ ಹಾರಿಹೋದವು. ಆ ದಿನವೇ ಅವರು ಹಳೆಯ ನೋಟ್‌ಪುಸ್ತಕವೊಂದನ್ನು ತೆಗೆದು ದಿನಾಂಕ, ವೇಳೆ ಬರೆದು, 'ಹತ್ತು ಮಾರು ದೂರದಲ್ಲೇ ಹಾರಿದವು' ಎಂದು ದಾಖಲಿಸಿದರು. ಆ ಪುಸ್ತಕದ ಮೊದಲ ಅಂಕಿ ಅದು.

ಸುಬ್ರಹ್ಮಣ್ಯನ ವಾಹನವು ಸುಬ್ರಹ್ಮಣ್ಯಪುರಕ್ಕೆ ಬರುವುದರಲ್ಲಿ ಆಶ್ಚರ್ಯವೇನು ಎಂದು ನೆರೆಹೊರೆಯವರು ನಕ್ಕರು. ಕಾರಣ ಅಷ್ಟು ಪೌರಾಣಿಕವಾದುದಲ್ಲ. ಅಲ್ಲಿಂದ ಅನತಿದೂರದಲ್ಲಿರುವ ತುರಹಳ್ಳಿಯ ಕಾಡು ಈ ಹಕ್ಕಿಗಳ ನೆಲೆ. ಬಂಡೆಗಳ ಗುಡ್ಡ, ಕುರುಚಲು ಗಿಡಗಳು, ಹಿಂದೆಂದೋ ನೆಟ್ಟ ನೀಲಗಿರಿ ಮರಗಳು, ಇಷ್ಟೇ ಆ ಕಾಡು. ನವಿಲು ದಟ್ಟಾರಣ್ಯದ ಹಕ್ಕಿಯಲ್ಲ. ರಾತ್ರಿ ತಂಗಲು ಎತ್ತರದ ಮರ, ಹಗಲು ಮೇಯಲು ತೆರೆದ ನೆಲ, ಹತ್ತಿರದಲ್ಲಿ ನೀರು ಇದ್ದರೆ ಅದಕ್ಕೆ ಸಾಕು. ಉತ್ತರಹಳ್ಳಿ, ಗುಬ್ಬಲಾಳ, ವಸಂತಪುರಗಳು ಹೊಲಗದ್ದೆಗಳ ಹಳ್ಳಿಗಳಾಗಿದ್ದ ಕಾಲದಲ್ಲಿ ಕಾಡು ತಂಗುವ ತಾಣವಾಗಿ, ಹೊಲಗಳು ಮೇಯುವ ತಾಣವಾಗಿ ಒದಗುತ್ತಿದ್ದವು. ಈಗ ಹೊಲಗಳಿದ್ದಲ್ಲಿ ಬಡಾವಣೆಗಳಿವೆ. 2021ರಲ್ಲಿ ಮೆಟ್ರೊ ರೈಲು ಕನಕಪುರ ರಸ್ತೆಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಬಂದಿತು. ಅದೇ ವರ್ಷ ತುರಹಳ್ಳಿಯಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಯೋಜನೆಯನ್ನು ಸುತ್ತಲಿನ ನಾಗರಿಕರು, ಕಾಡು ಕಾಡಾಗಿಯೇ ಇರಲಿ ಎಂದು ವಿರೋಧಿಸಿದರು. ಕಾಡೇನೋ ಉಳಿದಿದೆ. ಆದರೆ ಮೇಯುವ ಹೊಲವನ್ನು ಕಳೆದುಕೊಂಡ ಹಕ್ಕಿ ಉಳಿದಿರುವ ಖಾಲಿ ಸೈಟುಗಳಲ್ಲಿ ಮತ್ತು ಹಿತ್ತಿಲುಗಳಲ್ಲಿ ತನ್ನ ಹಳೆಯ ಹೊಲವನ್ನು ಹುಡುಕುತ್ತದೆ.

ಮೊದಲ ತಿಂಗಳುಗಳ ಟಿಪ್ಪಣಿಗಳಲ್ಲಿ ಕಾವ್ಯದ ಅಧ್ಯಾಪಕನ ಕುತೂಹಲ ಎದ್ದು ಕಾಣುತ್ತದೆ. ಮಯೂರ, ಶಿಖಿ, ಬರ್ಹಿ, ಕಲಾಪಿ, ನೀಲಕಂಠ, ಕೇಕಿ ಎಂದು ನಿಘಂಟುಗಳು ಕೊಡುವ ಹೆಸರುಗಳಲ್ಲಿ ಒಂದೊಂದೂ ಒಂದೊಂದು ಗುರುತನ್ನು ಹಿಡಿದಿರುವುದನ್ನು ಅವರು ಹಿತ್ತಿಲಿನಲ್ಲಿ ಪರೀಕ್ಷಿಸಿ ನೋಡಿದರು. ಕೇಕೆ ಎಂಬುದು ನವಿಲಿನ ಕೂಗು. 'ಕೇಕೆ ಹಾಕುವುದು' ಎಂಬ ಇಂದಿನ ಮಾತು ಅಲ್ಲಿಂದ ಬಂದದ್ದು ಎಂದು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದವರು, ನಸುಕಿನ ಐದೂವರೆಗೆ ಆ ಕೂಗಿಗೆ ಬೆಚ್ಚಿ ಎದ್ದಾಗ ಪದದ ಅರ್ಥ ಇನ್ನಷ್ಟು ಸ್ಪಷ್ಟವಾಯಿತೆಂದು ಬರೆದುಕೊಂಡರು. ಸೋಗೆ ಎಂದು ಕನ್ನಡ ಕರೆಯುವುದು ವಾಸ್ತವವಾಗಿ ಬಾಲವಲ್ಲ, ಬಾಲದ ಬುಡವನ್ನು ಮೇಲಿನಿಂದ ಮುಚ್ಚುವ ಗರಿಗಳು ಉದ್ದವಾಗಿ ಬೆಳೆದ ಗೊಂಚಲು. ನಿಜವಾದ ಬಾಲವು ಅದರ ಅಡಿಯಲ್ಲಿರುವ ಇಪ್ಪತ್ತು ಗಿಡ್ಡ ಗರಿಗಳು. ಸೋಗೆ ಕೆದರಿ ನಿಂತಾಗ ಹಿಂದಿನಿಂದ ಅದಕ್ಕೆ ಊರೆಗೋಲಾಗುವುದು ಅವೇ. ಹಿಂದಿನಿಂದ ನೋಡುವ ಅವಕಾಶ ಕವಿಗಳಿಗೆ ದೊರೆಯಲಿಲ್ಲವೇನೋ ಎಂಬ ವಿನೋದದ ಮಾತೂ ಆ ಪುಟದಲ್ಲಿದೆ.

ನವಿಲಿನ ನರ್ತನವನ್ನೂ ಕೂಗನ್ನೂ ಮಳೆಗಾಲದಲ್ಲಿ ಮಾತ್ರ ವರ್ಣಿಸಬೇಕೆಂಬುದು ಕವಿಸಮಯ. ರಾಜಶೇಖರನ 'ಕಾವ್ಯಮೀಮಾಂಸೆ' ಇದನ್ನು ನಿಯಮಗಳ ಸಾಲಿನಲ್ಲಿ ಹೇಳುತ್ತದೆ: ಬೇರೆ ಕಾಲದಲ್ಲಿಯೂ ಕಾಣುವುದನ್ನು ಕವಿಗಳು ಒಂದೇ ಕಾಲಕ್ಕೆ ಕಟ್ಟಿಹಾಕುವ ಬಗೆ ಇದು. ಸುಬ್ರಹ್ಮಣ್ಯಪುರದ ಹಿತ್ತಿಲು ಶಾಸ್ತ್ರಕಾರನ ಮಾತಿಗೆ ಸಾಕ್ಷಿ ನುಡಿಯಿತು. ಮುಂಗಾರಿಗೆ ಮುನ್ನವೇ, ಬಿರುಬಿಸಿಲಿನಲ್ಲಿ, ಪಕ್ಕದ ಖಾಲಿ ಸೈಟಿನ ಜಲ್ಲಿ ರಾಶಿಯ ಬಳಿ ಗಂಡು ನವಿಲು ಸೋಗೆ ಕೆದರಿ ಗರಿಗಳನ್ನು ಸರಸರನೆ ಅದುರಿಸುತ್ತಿತ್ತು. ಅದರ ಎದುರಿಗಿದ್ದುದು ಮೋಡವಲ್ಲ, ಹೆಣ್ಣುಗಳು. ಅವೂ ಬಹುಪಾಲು ತಲೆ ಎತ್ತದೆ ನೆಲ ಕೆದಕುತ್ತಿದ್ದವು. ಮಧ್ಯಾಹ್ನ ಬಾಳೆಯ ಬುಡದ ಒಣ ಮಣ್ಣಿನಲ್ಲಿ ಹೊರಳಿ ಧೂಳಿನ ಸ್ನಾನ ಮಾಡುವುದು, ಒಂದು ತಲೆ ಬಗ್ಗಿಸಿದಾಗ ಇನ್ನೊಂದು ತಲೆ ಎತ್ತಿ ಸುತ್ತ ನೋಡುವುದು, ಹಸಿಮೆಣಸಿನಕಾಯಿಯನ್ನು ಖಾರವೇ ಇಲ್ಲದಂತೆ ನುಂಗುವುದು, ಎಲ್ಲವೂ ಪುಸ್ತಕವನ್ನು ಸೇರಿದವು. ಹಕ್ಕಿಗಳಿಗೆ ಮೆಣಸಿನ ಖಾರ ತಟ್ಟುವುದಿಲ್ಲವೆಂಬುದು ವಿಜ್ಞಾನ. ಆದರೆ ಪತ್ನಿಗೆ ಆ ವಿವರಣೆಯಿಂದ ಸಮಾಧಾನವಾಗಲಿಲ್ಲ. "ನಿಮ್ಮ ಅತಿಥಿಗಳು ದಂಟಿನ ಸೊಪ್ಪಿನ ಮಡಿ ಬೋಳು ಮಾಡಿಬಿಟ್ಟಿವೆ, ಇನ್ನು ಸೊಪ್ಪು ಅಂಗಡಿಯಿಂದ ನೀವೇ ತನ್ನಿ," ಎಂದು ಅವರು ಹೇಳಿದರು.

ಅಮೆರಿಕದ ಬಾಸ್ಟನ್ ಸಮೀಪ ನೆಲೆಸಿರುವ ಮಗಳು ಆಗ ತನ್ನ ಮನೆಯಂಗಳದ ಒಂದು ಚಲನಚಿತ್ರವನ್ನು ಕಳುಹಿಸಿದಳು. ಅಲ್ಲಿ ಹುಲ್ಲಿನ ಮೇಲೆ ಸಾಲಾಗಿ ನಡೆಯುತ್ತಿದ್ದವು ಕಾಡು ಟರ್ಕಿ ಕೋಳಿಗಳು. ಒಂದು ಗಂಡು ಬಾಲ ಬಿಚ್ಚಿ ಬೀಗುತ್ತಿತ್ತು. ಟರ್ಕಿಯೂ ನವಿಲೂ ಜೀವಶಾಸ್ತ್ರದ ಲೆಕ್ಕದಲ್ಲಿ ಒಂದೇ ಕುಟುಂಬಕ್ಕೆ ಸೇರಿದವು. ಈ ಸಾಮ್ಯವನ್ನು ಭಾರತದಲ್ಲಿ ಬಹಳ ಹಿಂದೆಯೇ ಗಮನಿಸಿದವನು ಜಹಾಂಗೀರ. 1612ರಲ್ಲಿ ಮುಕರ್ರಬ್ ಖಾನ್ ಗೋವೆಯಿಂದ ತಂದೊಪ್ಪಿಸಿದ ಅಪರೂಪದ ಪ್ರಾಣಿಗಳಲ್ಲಿ ಟರ್ಕಿಯೂ ಇತ್ತು. ಅದರ ಗಾತ್ರವನ್ನು ಹೇಳಲು ಬಾದಶಹನು ಆರಿಸಿಕೊಂಡ ಅಳತೆಗೋಲು ಹೆಣ್ಣು ನವಿಲು ಮತ್ತು ಗಂಡು ನವಿಲು: ಮೊದಲನೆಯದಕ್ಕಿಂತ ದೊಡ್ಡದು, ಎರಡನೆಯದಕ್ಕಿಂತ ಚಿಕ್ಕದು. ಅದು ಗರಿ ಕೆದರಿ ಕುಣಿಯುವುದನ್ನೂ ಅವನು ನವಿಲಿಗೇ ಹೋಲಿಸಿದನು. ಚಿತ್ರಕಾರ ಮನ್ಸೂರನು ಅದರ ಚಿತ್ರ ಬರೆದನು. ಮುಂದೆ ಲಿನೇಯಸ್ ಆ ಹಕ್ಕಿಗೆ ಕೊಟ್ಟ ಶಾಸ್ತ್ರೀಯ ನಾಮದ ಉತ್ತರಪದ 'ಗ್ಯಾಲೊಪಾವೊ'ದಲ್ಲಿಯೂ ಕೋಳಿ ಮತ್ತು ನವಿಲು ಕೂಡಿಕೊಂಡಿವೆ.

ಮಗಳು ಹೇಳಬೇಕೆಂದಿದ್ದ ಮಾತು ಬೇರೆ. ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಬೇಟೆಯಿಂದಲೂ ಕಾಡಿನ ನಾಶದಿಂದಲೂ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಟರ್ಕಿಗಳು ಇಲ್ಲವಾಗಿದ್ದವು. 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ಪ್ರಾಂತದಿಂದ 37 ಹಕ್ಕಿಗಳನ್ನು ತಂದು ಬಿಡಲಾಯಿತು. ಅವುಗಳ ಸಂತತಿ ಈಗ ನಗರದ ಬೀದಿಗಳವರೆಗೆ ಹಬ್ಬಿದೆ. "ಅಪ್ಪಾ, ಇಲ್ಲಿ ಅವಕ್ಕೆ ಕಾಳು ಹಾಕಬೇಡಿ ಅಂತ ಎಲ್ಲರಿಗೂ ಹೇಳ್ತಾರೆ. ಮನುಷ್ಯರ ಹೆದರಿಕೆ ಹೋಗಿಬಿಡುತ್ತಂತೆ. ನೀವು ನವಿಲಿಗೆ ಏನೂ ಹಾಕ್ತಿಲ್ಲ ತಾನೆ?" ಎಂದು ಅವಳು ಕೇಳಿದಳು. ಹಸಿದು ಬಂದ ಜೀವಕ್ಕೆ ಹಿಡಿ ಕಾಳು ಹಾಕದಿರುವುದು ನಮ್ಮ ಕಡೆಯ ರೂಢಿಯಲ್ಲ ಪುಟ್ಟಿ ಎಂದು ಅಧ್ಯಾಪಕರು ಉತ್ತರಿಸಿದರು.

ಅವರು ಕಾಳು ಹಾಕಲು ತೊಡಗಿ ಆಗಲೇ ಕೆಲವು ವಾರಗಳಾಗಿದ್ದವು. ಬೆಳಗ್ಗೆ ಆರಕ್ಕೆ ಒಗೆಯುವ ಕಲ್ಲಿನ ಮೇಲೆ ಒಂದು ಪಾವು ರಾಗಿ, ಜೋಳ. ಸಂಜೆ ಮತ್ತೆ ಅಷ್ಟೇ. ಅಂದಿನಿಂದ ಪುಸ್ತಕದ ಟಿಪ್ಪಣಿಗಳು ಕ್ರಮೇಣ ಚಿಕ್ಕವಾದವು. ಧೂಳಿನ ಸ್ನಾನ, ಕಾವಲಿನ ಕ್ರಮ, ಕೂಗಿನ ಭೇದ ಇವು ಹಿಂದೆ ಸರಿದು, ದೂರದ ಅಂಕಿಯೊಂದೇ ಮುಖ್ಯವಾಯಿತು. ಜೂನ್ ತಿಂಗಳಲ್ಲಿ ಎಂಟು ಮಾರು. ಜುಲೈಯಲ್ಲಿ ಐದು. ಆಗಸ್ಟಿನ ಮಧ್ಯದಲ್ಲಿ ಮೂರು. ಹಕ್ಕಿಗಳಲ್ಲಿ ಒಂದು, ಸೋಗೆ ಇನ್ನೂ ಪೂರ್ಣವಾಗಿ ಬಾರದ, ಸುಮಾರು ಎರಡು ವರ್ಷದ ಎಳೆಯ ಗಂಡು, ಉಳಿದವಕ್ಕಿಂತ ಬೇಗ ಹೊಂದಿಕೊಂಡಿತು. ಸೆಪ್ಟೆಂಬರ್ ಮೊದಲ ವಾರದ ಪುಟದಲ್ಲಿ 'ಇಂದು ಒಂದೇ ಮಾರು. ಕಣ್ಣಲ್ಲಿ ಕಣ್ಣಿಟ್ಟು ನೋಡಿತು' ಎಂಬ ವಾಕ್ಯವಿದೆ, ಅದರ ಕೆಳಗೆ ಎರಡು ಗೆರೆ.

ಅದೇ ದಿನಗಳಲ್ಲಿ ಗರಿಗಳು ಉದುರತೊಡಗಿದವು. ಮಳೆಗಾಲ ಮುಗಿಯುತ್ತ ಬಂದಂತೆ ಗಂಡು ನವಿಲು ಸೋಗೆಯ ಗರಿಗಳನ್ನು ತಾನಾಗಿ ಕಳಚಿಕೊಳ್ಳುತ್ತದೆ. ಮುಂದಿನ ಋತುವಿನ ಹೊತ್ತಿಗೆ ಹೊಸವು ಬರುತ್ತವೆ. ದೊಡ್ಡ ಗಂಡಿನಿಂದ ಬಿದ್ದ ಕಣ್ಣಿರುವ ಏಳು ಗರಿಗಳನ್ನು ಅಧ್ಯಾಪಕರು ಒರಸಿ ಹೂದಾನಿಯಲ್ಲಿ ನಿಲ್ಲಿಸಿದರು. ಉದುರಿದ ಗರಿಯ ಬುಡ ಒಣಗಿ, ಬೆಳ್ಳಗೆ, ಉಗುರಿನಂತೆ ನುಣುಪಾಗಿರುತ್ತದೆ ಎಂಬ ಟಿಪ್ಪಣಿ ಆ ದಿನದ್ದು.

ಕಾಳು ನವಿಲುಗಳನ್ನು ಮಾತ್ರ ಕರೆಯಲಿಲ್ಲ. ಚೆಲ್ಲಿದ ಜೋಳಕ್ಕೆ ಇಲಿಗಳು ಬಂದವು. ಇಲಿಗಳ ವಾಸನೆ ಹಿಡಿದು ಖಾಲಿ ಸೈಟಿನಲ್ಲಿ ಮಲಗುತ್ತಿದ್ದ ಮೂರು ಬೀದಿನಾಯಿಗಳು ಗೋಡೆ ಕುಸಿದಿದ್ದ ಮೂಲೆಯಿಂದ ಒಳಗೆ ಬರತೊಡಗಿದವು. ನಾಯಿಗಳಿಗೂ ದಿನವೂ ಅದೇ ಮನುಷ್ಯ, ಅದೇ ಹೊತ್ತು, ಅದೇ ಕಲ್ಲು. ಅವು ಮೊದಮೊದಲು ದೂರದಲ್ಲಿ ಮಲಗಿ ನೋಡುತ್ತಿದ್ದವು. "ಆ ಮೂಲೆಗೆ ನಾಲ್ಕು ಕಲ್ಲಾದರೂ ಇಡಿಸಿ," ಎಂದು ಪತ್ನಿ ಎರಡು ಬಾರಿ ಹೇಳಿದರು. ಇಡಿಸೋಣ ಎಂದು ಅಧ್ಯಾಪಕರು ಎರಡು ಬಾರಿಯೂ ಒಪ್ಪಿದರು.

ಸೆಪ್ಟೆಂಬರ್ ಕೊನೆಯ ಒಂದು ಬೆಳಗ್ಗೆ ಎಳೆಯ ಗಂಡು ಕಲ್ಲಿನ ಬಳಿ ಒಂಟಿಯಾಗಿ ಮೇಯುತ್ತಿತ್ತು. ಹೆಣ್ಣುಗಳು ಗೋಡೆಯ ಮೇಲಿನಿಂದ ಕೂಗಿದವು. ಮೇ ತಿಂಗಳಲ್ಲಾಗಿದ್ದರೆ ಆ ಕೂಗಿಗೆ ಅದು ತಟ್ಟನೆ ಹಾರುತ್ತಿತ್ತು. ಈಗ ತಲೆ ಎತ್ತಿ, ಬಾಗಿಲಿನಲ್ಲಿ ನಿಂತಿದ್ದ ಮನುಷ್ಯನನ್ನು ನೋಡಿ, ಮತ್ತೆ ತಲೆ ಬಗ್ಗಿಸಿತು. ನಾಯಿ ಬಂದುದು ಅದರ ಬೆನ್ನ ಹಿಂದಿನಿಂದ. ಅಧ್ಯಾಪಕರು ಕೂಗುತ್ತ ಓಡಿದರು, ಕೈಯಲ್ಲಿದ್ದ ಪಾವನ್ನೇ ಎಸೆದರು. ನಾಯಿ ಬಿಟ್ಟು ಓಡಿದಾಗ ಹಕ್ಕಿಯ ಕತ್ತು ಮುರಿದಿತ್ತು. ನವಿಲು 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವ ಜೀವಿ. ಸತ್ತ ದೇಹವನ್ನು ಮನೆಯವರು ತಾವೇ ಹೂಳುವಂತಿಲ್ಲ. ಸುದ್ದಿ ತಿಳಿಸಿದ ಮೇಲೆ ಅರಣ್ಯ ಇಲಾಖೆಯ ಸಿಬ್ಬಂದಿ ಬಂದು ಒಯ್ದರು. ನೆಲದ ಮೇಲೆ ಕೆಲವು ಗರಿಗಳು ಉಳಿದವು. ಅವುಗಳ ಬುಡ ಒದ್ದೆಯಾಗಿ ಕೆಂಪಗಿತ್ತು. ಸಹಜವಾಗಿ ಉದುರಿದ ಗರಿಗಳ ದೇಶೀಯ ವ್ಯವಹಾರಕ್ಕೆ ಕಾಯಿದೆಯು ವಿನಾಯಿತಿ ಕೊಟ್ಟಿರುವುದರಿಂದ, ಉದುರಿದುದಾವುದು ಕಿತ್ತುದಾವುದು ಎಂದು ತನಿಖೆ ಮಾಡುವವರು ನೋಡುವುದು ಈ ಬುಡದ ರಕ್ತದ ಗುರುತನ್ನೇ. ಹೂದಾನಿಯ ಏಳು ಗರಿಗಳೂ ನೆಲದ ಗರಿಗಳೂ ದೂರದಿಂದ ಒಂದೇ ಬಗೆಯ ನೀಲಿಯಾಗಿ ಕಂಡವು.

ನವಿಲು, ನಾಯಿ ಮತ್ತು ಮನೆಯಂಗಳ: ಈ ಮೂರನ್ನು ಒಟ್ಟಿಗೆ ಕಂಡ ಹಳಗನ್ನಡದ ಅಧ್ಯಾಪಕನಿಗೆ ಜನ್ನನ 'ಯಶೋಧರ ಚರಿತೆ' ನೆನಪಾಗದಿರಲು ಸಾಧ್ಯವಿರಲಿಲ್ಲ. 1209ರ ಆ ಕಾವ್ಯದ ಕಥೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವೇ. ಪ್ರಾಣಿಬಲಿಯನ್ನು ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯೊಂದನ್ನು ದೇವಿಗೆ ಬಲಿ ಕೊಡುತ್ತಾನೆ. ಸತ್ತ ಮೇಲೆ ತಾಯಿ ಮಗ ಇಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಮೊದಲ ಜನ್ಮದಲ್ಲಿ ಮಗ ನವಿಲು, ತಾಯಿ ನಾಯಿ. ಇಬ್ಬರೂ ಸೇರುವುದು ಯಶೋಧರನ ಮಗ ಯಶೋಮತಿಯ ಅರಮನೆಯನ್ನೇ. ತಂದೆಯೂ ಅಜ್ಜಿಯೂ ತನ್ನ ಅಂಗಳದಲ್ಲಿ ಓಡಾಡುತ್ತಿರುವುದನ್ನು ಅರಿಯದ ಆ ಅರಸನ ಎದುರಿನಲ್ಲಿ ನವಿಲು ನಾಯಿಯ ಬಾಯಿಗೆ ಬೀಳುತ್ತದೆ. ನವಿಲನ್ನು ಬಿಡಿಸಲು ಹೋದ ಅವನ ಪೆಟ್ಟಿಗೆ ನಾಯಿಯೂ ಸಾಯುತ್ತದೆ.

ಈ ಪ್ರಸಂಗವನ್ನು ಪಾಠ ಹೇಳುವಾಗ ಅಧ್ಯಾಪಕರು ಒತ್ತು ಕೊಡುತ್ತಿದ್ದುದು ಸಂಕಲ್ಪಹಿಂಸೆಗೆ. ಕತ್ತಿಗೆ ಸಿಕ್ಕಿದ್ದು ಹಿಟ್ಟು. ಜೀವವಧೆಯ ಭಾವವಿದ್ದುದರಿಂದ ಪಾಪ ಪೂರ್ಣವಾಯಿತು. ದ್ರವ್ಯಹಿಂಸೆಗಿಂತ ಭಾವಹಿಂಸೆ ಮುಖ್ಯವೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ತೀಕ್ಷ್ಣವಾದ ಉದಾಹರಣೆ ಇಲ್ಲ ಎಂದು ಅವರು ಹೇಳುತ್ತಿದ್ದರು. ಆ ದಿನ ಅವರು ಅದೇ ತರ್ಕವನ್ನು ಆಶ್ರಯಿಸಿದರು. ಯಶೋಧರನದು ಕೊಲೆಯಿಲ್ಲದ ಸಂಕಲ್ಪವಾದರೆ ತಮ್ಮದು ಸಂಕಲ್ಪವಿಲ್ಲದ ಸಾವು. ತಮ್ಮ ಭಾವದಲ್ಲಿ ಇದ್ದುದು ಪ್ರೀತಿಯೊಂದೇ. ಊಟಕ್ಕೆ ಕುಳಿತಾಗ ಪತ್ನಿಗೆ ಇದನ್ನು ವಿವರಿಸಿದರು. ಅವರು ಎಲ್ಲವನ್ನೂ ಕೇಳಿ, "ಪ್ರೀತಿ ಇತ್ತು ಅಂದ್ರೆ ಸರಿ. ಆ ಮೂಲೆಗೆ ಕಲ್ಲು ಇಡಿಸೋಕೆ ಏನು ಅಡ್ಡಿ ಇತ್ತು?" ಎಂದಷ್ಟೇ ಕೇಳಿದರು.

ಆ ಪ್ರಶ್ನೆಗೆ ಉತ್ತರ ಅವರು ಪಾಠ ಹೇಳುತ್ತಿದ್ದ ಕಾವ್ಯದಲ್ಲಿರಲಿಲ್ಲ. ಅದರ ಹಿಂದಿರುವ ಶಾಸ್ತ್ರದಲ್ಲಿ ಇತ್ತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯನ್ನು ನಿರೂಪಿಸುವಾಗ ಬಳಸುವ ಮುಖ್ಯ ಪದ ದ್ವೇಷವೂ ಅಲ್ಲ, ಕ್ರೌರ್ಯವೂ ಅಲ್ಲ. ಪ್ರಮಾದ, ಎಂದರೆ ಎಚ್ಚರಗೇಡಿತನ. ಕುಂದಕುಂದರ 'ಪ್ರವಚನಸಾರ' ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಎಚ್ಚರದಿಂದ ನಡೆದವನಿಗೆ, ಅಕಸ್ಮಾತ್ತಾಗಿ ಜೀವ ಹೋದರೂ ಬಂಧವಿಲ್ಲ. ಎಚ್ಚರಗೇಡಿಗೆ, ಯಾವ ಜೀವಕ್ಕೂ ಏನೂ ಆಗದೆ ಉಳಿದರೂ ಹಿಂಸೆಯ ಹೊಣೆ ತಪ್ಪದು. ಹೀಗಿರುವಾಗ ಭಾವ ಎಂಬ ಮಾತಿಗೆ ಒಳ್ಳೆಯ ಮನಸ್ಸು ಎಂಬಷ್ಟೇ ಅರ್ಥವನ್ನು ಹಚ್ಚಿಕೊಳ್ಳುವುದು ಶಾಸ್ತ್ರವನ್ನು ಅರ್ಧ ಓದಿದಂತೆ. ನೋಡಬೇಕಾದುದನ್ನು ನೋಡುವ ಶ್ರಮವೂ ಭಾವದೊಳಗೇ ಸೇರಿದೆ.

ಆ ಶ್ರಮಕ್ಕೆ ಜೈನ ಯತಿಪರಂಪರೆಯು ಆರಿಸಿಕೊಂಡ ಉಪಕರಣ ನವಿಲುಗರಿಯದೇ ಆಗಿರುವುದು ಇಲ್ಲಿ ಗಮನಾರ್ಹ. ದಿಗಂಬರ ಮುನಿಗಳ ಕೈಯ ಪಿಂಛಿ ಸಂಯಮೋಪಕರಣ, ಕಮಂಡಲು ಶೌಚೋಪಕರಣ, ಶಾಸ್ತ್ರ ಜ್ಞಾನೋಪಕರಣ. ಧೂಳನ್ನು ಹಿಡಿಯದಿರುವುದು, ಬೆವರನ್ನು ಹೀರದಿರುವುದು, ಮೃದುತ್ವ, ಸುಕುಮಾರತೆ, ಲಘುತ್ವ ಎಂದು ಅದರ ಐದು ಗುಣಗಳನ್ನು 'ಮೂಲಾಚಾರ'ವೇ ಮೊದಲಾದ ಯತ್ಯಾಚಾರ ಗ್ರಂಥಗಳು ಎಣಿಸುತ್ತವೆ. ಕಣ್ಣಿಗೆ ತಾಕಿದರೂ ನೋಯದ ಆ ಗರಿಯಿಂದ, ಕುಳಿತುಕೊಳ್ಳುವ ಮುನ್ನ, ಗ್ರಂಥವನ್ನು ಎತ್ತುವ ಅಥವಾ ಇಡುವ ಮುನ್ನ, ಅಲ್ಲಿರಬಹುದಾದ ಸೂಕ್ಷ್ಮ ಜೀವಿಗಳನ್ನು ಸರಿಸುತ್ತಾರೆ. ಪಿಂಛಿಗೆ 'ಪ್ರತಿಲೇಖನ' ಎಂಬ ಇನ್ನೊಂದು ಹೆಸರಿದೆ. ಪರೀಕ್ಷಿಸಿ ನೋಡುವುದು ಎಂದು ಅದರ ತಾತ್ಪರ್ಯ. ನಡೆಯುವಾಗ ಮುಂದಿನ ಒಂದು ನೊಗದಷ್ಟು ನೆಲವನ್ನು, ಎಂದರೆ ನಾಲ್ಕು ಮೊಳವನ್ನು, ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯೂ ಇದೇ ಎಚ್ಚರದ ಇನ್ನೊಂದು ರೂಪ. ಗರಿಗಾಗಿ ಹಕ್ಕಿಯನ್ನು ನೋಯಿಸುವಂತಿಲ್ಲ. ತಾನಾಗಿ ಉದುರಿದುದನ್ನೇ ತರಬೇಕು. ನವಿಲು ಗರಿ ಕಳಚುವುದು ಮಳೆಗಾಲದ ಕೊನೆಗೆ. ಚಾತುರ್ಮಾಸ್ಯ ಮುಗಿದ ಮೇಲೆ ಮುನಿಗಳು ಹಳೆಯ ಪಿಂಛಿಯನ್ನು ಬಿಟ್ಟು ಹೊಸದನ್ನು ಸ್ವೀಕರಿಸುತ್ತಾರೆ. ಆಚಾರವು ಹಕ್ಕಿಯ ಕಾಲಗತಿಗೆ ಹೊಂದಿಕೊಂಡಿದೆ. ಹಕ್ಕಿಯನ್ನು ತನ್ನ ಕಾಲಗತಿಗೆ ಎಳೆದಿಲ್ಲ.

ಹಿತ್ತಿಲಿನಲ್ಲಿ ನಡೆದುದು ಇದಕ್ಕೆ ವಿರುದ್ಧವಾದುದು. ಬೆಳಗ್ಗೆ ಆರು, ಸಂಜೆ ಆರು ಎಂಬ ಹೊತ್ತು ಮನುಷ್ಯನದು. ಆ ಹೊತ್ತಿಗೆ ಹಕ್ಕಿ ಬಂದಿತು. ಪುಸ್ತಕದಲ್ಲಿ ಕುಗ್ಗುತ್ತ ಹೋದ ಅಂಕಿಗಳನ್ನು ಅಧ್ಯಾಪಕರು ಅಂದು ರಾತ್ರಿ ಮತ್ತೆ ಓದಿದರು. ಹತ್ತು, ಎಂಟು, ಐದು, ಮೂರು, ಒಂದು. ಸ್ನೇಹದ ಲೆಕ್ಕವೆಂದು ಬರೆದಿಟ್ಟದ್ದು ಒಂದು ಕಾಡುಹಕ್ಕಿಯ ಭಯ ಸವೆದುದರ ಲೆಕ್ಕವೂ ಆಗಿತ್ತು. ಆ ಭಯವೇ ಅದರ ಕಾವಲು. ನಾಯಿ ಬೇರೆ, ಮನುಷ್ಯ ಬೇರೆ ಎಂದು ಬಿಡಿಸಿ ಕಲಿಸಲು ಯಾರಿಗೂ ಆಗುವುದಿಲ್ಲ. ಒಂದು ಕಡೆ ಕಳೆದುಹೋದ ಎಚ್ಚರ ಎಲ್ಲ ಕಡೆಯೂ ಕಳೆದುಹೋಗುತ್ತದೆ. ಸೆಪ್ಟೆಂಬರ್ ಮೊದಲ ವಾರದ ವಾಕ್ಯದ ಕೆಳಗಿನ ಎರಡು ಗೆರೆಗಳನ್ನು ಅವರು ಅಳಿಸಲಿಲ್ಲ.

ಮರುದಿನವೇ ಗೋಡೆಯ ಮೂಲೆಗೆ ಇಟ್ಟಿಗೆ ಕಟ್ಟಿಸಿದರು. ಕಾಳು ಹಾಕುವುದನ್ನು ನಿಲ್ಲಿಸಿದರು. ತೊಟ್ಟಿಯ ನೀರನ್ನು ಮಾತ್ರ ಉಳಿಸಿ, ಅದನ್ನು ಸುತ್ತಲೂ ಬಯಲಾಗಿ ಕಾಣುವ, ನಾಯಿ ಅಡಗಿ ಬರಲಾರದ ಕಡೆಗೆ ಸರಿಸಿದರು. ದಂಟಿನ ಮಡಿಗೆ ಪತ್ನಿ ಬಲೆ ಹೊದಿಸಿದರು. ಕೆಲವು ದಿನ ಹೆಣ್ಣು ನವಿಲುಗಳು ಆರು ಗಂಟೆಗೆ ಬಂದು ಖಾಲಿ ಕಲ್ಲಿನ ಸುತ್ತ ತಿರುಗಿ, ಬಾಗಿಲಿನ ಕಡೆ ನೋಡಿ ಹೋದವು. ಬಾಗಿಲು ತೆರೆಯದೆ ಒಳಗೆ ಕುಳಿತಿರುವುದು ಕಾಳು ಹಾಕುವುದಕ್ಕಿಂತ ಕಷ್ಟದ ಕೆಲಸವಾಗಿತ್ತೆಂದು ಪುಸ್ತಕದಲ್ಲಿದೆ. ಮಗಳಿಗೆ ಅಧ್ಯಾಪಕರು ಎಲ್ಲವನ್ನೂ ತಿಳಿಸಿ, ನೀನು ಹೇಳಿದ್ದು ಸರಿ ಎಂದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಮ್ಮ ಹೇಗಿದ್ದಾರೆ ಎಂದು ಕೇಳಿದಳು.

ಕಾರ್ತಿಕದಲ್ಲಿ, ಚಾತುರ್ಮಾಸ್ಯ ಮುಗಿಯುವ ಹೊತ್ತಿಗೆ, ಹೂದಾನಿಯ ಏಳು ಗರಿಗಳನ್ನು ಪಿಂಛಿ ಕಟ್ಟಲು ಗರಿ ಕೂಡಿಸುತ್ತಿದ್ದ ಪರಿಚಿತ ಶ್ರಾವಕರೊಬ್ಬರಿಗೆ ಅವರು ಕೊಟ್ಟರು. ಅವರು ಒಂದೊಂದರ ಬುಡವನ್ನೂ ಬೆಳಕಿಗೆ ಹಿಡಿದು ನೋಡಿ, ಏಳೂ ಶುದ್ಧವಾಗಿವೆ ಎಂದು ತೆಗೆದುಕೊಂಡರು. ಪುಸ್ತಕ ಈಗಲೂ ಮುಂದುವರಿಯುತ್ತಿದೆ. ಬರವಣಿಗೆ ಮತ್ತೆ ಉದ್ದವಾಗಿದೆ: ಯಾವ ಮರದಿಂದ ಇಳಿದವು, ಯಾವುದು ಕಾವಲು ನಿಂತಿತು, ಯಾವ ಸಪ್ಪಳಕ್ಕೆ ಯಾವ ಬಗೆಯ ಕೂಗು. ಪುಟದ ಅಂಚಿನಲ್ಲಿ ದೂರದ ಅಂಕಿ ಇಂದಿಗೂ ಇದೆ. ನವೆಂಬರ್ ಆರಂಭದಲ್ಲಿ ಮೂರು ಮಾರು. ಡಿಸೆಂಬರಿನಲ್ಲಿ ಆರು. ಸಂಕ್ರಾಂತಿಯ ಮರುದಿನ ಕಿಟಕಿಯ ಪರದೆ ಅಲುಗಿದ್ದಕ್ಕೇ ಹೆಣ್ಣು ನವಿಲೊಂದು ತೊಟ್ಟಿಯನ್ನು ಬಿಟ್ಟು ಗೋಡೆಯಾಚೆಗೆ ಹಾರಿತು. ಅಂದಿನ ಪುಟದಲ್ಲಿ 'ಒಂಬತ್ತು ಮಾರು' ಎಂದಿದೆ.